ಪಾದಕ್ಕೆ ತಕ್ಕ ಓಟದ ಶೂ: ಕಮಾನಿಗಿಂತ ಮೊದಲು ಅಳತೆ ನೋಡಿ

ಓಟದ ಶೂ ಕೊಳ್ಳಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಮೂರು ಸಾಲಿನ ಪಟ್ಟಿ. ಚಪ್ಪಟೆ ಪಾದಕ್ಕೆ ಮೋಷನ್ ಕಂಟ್ರೋಲ್ (ಪಾದ ಒಳಕ್ಕೆ ವಾಲದಂತೆ ಬಲವಾಗಿ ಹಿಡಿಯುವ ಶೂ), ಅಂಗಾಲಿನ ನಡುವಿನ ಬಾಗು, ಅಂದರೆ ಕಮಾನು, ಮಧ್ಯಮವಾಗಿದ್ದರೆ ಸ್ಟೆಬಿಲಿಟಿ (ಅದನ್ನೇ ಹಗುರವಾಗಿ ಮಾಡುವ ಶೂ), ಎತ್ತರದ ಕಮಾನಿಗೆ ಕುಶನ್ (ಮೆತ್ತನೆಯ ಶೂ). ಅಂಗಾಲು ಒದ್ದೆ ಮಾಡಿಕೊಂಡು ಕಾಗದದ ಮೇಲೆ ಒತ್ತಿ, ಅಚ್ಚು ನೋಡಿ, ಪಟ್ಟಿಯಲ್ಲಿ ಬೆರಳಿಟ್ಟರೆ ಕೆಲಸ ಮುಗಿಯಿತು. ಅಮೆರಿಕದ ಭೂಸೇನೆ, ವಾಯುಪಡೆ ಮತ್ತು ಮರೀನ್ ಕೋರ್ ಹೊಸಬರ ತರಬೇತಿಯಲ್ಲಿ ಇದನ್ನೇ ಒರೆಗೆ ಹಚ್ಚಿ ನೋಡಿದವು. ಒಂದು ಗುಂಪಿಗೆ ಅಚ್ಚು ನೋಡಿ ಶೂ ಕೊಟ್ಟರು, ಇನ್ನೊಂದು ಗುಂಪಿಗೆ ಅಚ್ಚು ಹೇಗೇ ಇರಲಿ ಎಲ್ಲರಿಗೂ ಸ್ಟೆಬಿಲಿಟಿ ಶೂ. ಎರಡೂ ಗುಂಪುಗಳ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಂತ ಪಾದದ ಬಗೆ ಲೆಕ್ಕಕ್ಕೇ ಇಲ್ಲ ಎಂದಲ್ಲ. ಪಟ್ಟಿ ಎಡವಿದ್ದು ಎರಡು ಕಡೆ: ಪಾದದ ಎಲ್ಲ ಗುಣಗಳಲ್ಲಿ ಕಮಾನನ್ನಷ್ಟೇ ಹಿಡಿದುಕೊಂಡಿತು, ಅದನ್ನೂ ನಿಂತ ಕಾಲಿನಲ್ಲಿ ನೋಡಿತು. ಓಟಗಾರರ ದೂರುಗಳನ್ನು ಬಿಡಿಸಿ ನೋಡಿದರೆ ಉಗುರು ಕಪ್ಪಾಗುವುದು, ಕಿರುಬೆರಳ ಪಕ್ಕ ನೀರ್ಗುಳ್ಳೆ, ಬೆರಳ ಸಂದಿಯಲ್ಲಿ ಜೋಮು, ಹಿಮ್ಮಡಿ ಜಾರುವುದು ಇವೇ ಹೆಚ್ಚು. ಇವೆಲ್ಲ ಉದ್ದ, ಅಗಲ ಮತ್ತು ಒಳಗಿನ ಜಾಗದ ಸಮಸ್ಯೆಗಳು. ಆದ್ದರಿಂದ ಇಲ್ಲಿ ಶೂಗಳನ್ನು ತೂಗುವ ಕ್ರಮವೂ ಅದೇ: ಮೊದಲು ಅಳತೆ, ಆಮೇಲೆ ಕಮಾನು ಓಡುವಾಗ ಏನು ಮಾಡುತ್ತದೆ ಎಂಬುದು, ಬ್ರಾಂಡಿನ ಹೆಸರು ಕೊನೆಗೆ.

ಅಳತೆ

ಸಂಜೆ ಅಳೆಯಿರಿ. ದಿನವಿಡೀ ನಿಂತು ನಡೆದ ಪಾದ ಬೆಳಗಿನದಕ್ಕಿಂತ ಊದಿರುತ್ತದೆ, ದೂರದ ಓಟದಲ್ಲೂ ಅದೇ ಆಗುವುದು. ಓಟಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಳ್ಳಿ. ಹಾಳೆಯ ಒಂದು ಅಂಚನ್ನು ಗೋಡೆಗೆ ತಾಗಿಸಿ, ಹಿಮ್ಮಡಿಯನ್ನು ಗೋಡೆಗೆ ಒತ್ತಿ, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಿ. ಕೂತು ಅಳೆದರೆ ಲೆಕ್ಕ ಕೆಡುತ್ತದೆ, ಏಕೆಂದರೆ ಭಾರ ಬಿದ್ದಾಗ ಪಾದ ಕೆಲವು ಮಿಲಿಮೀಟರ್ ಉದ್ದವಾಗಿ ಅಗಲವೂ ಆಗುತ್ತದೆ, ಮೆತ್ತಗಿನ ಕಮಾನಿದ್ದವರಿಗೆ ಇನ್ನೂ ಹೆಚ್ಚು. ಗೆರೆ ಎಳೆಯುವಾಗ ಪೆನ್ಸಿಲ್ ನೆಟ್ಟಗಿರಲಿ. ಒಳಕ್ಕೆ ವಾಲಿದರೆ ಅಗಲ ಸುಳ್ಳು ಹೇಳುತ್ತದೆ. ಬಗ್ಗಿ ಎಳೆದರೆ ಭಾರ ಮುಂದಕ್ಕೆ ಹೋಗುವುದರಿಂದ ಇನ್ನೊಬ್ಬರ ಕೈಗೆ ಪೆನ್ಸಿಲ್ ಕೊಡುವುದು ವಾಸಿ.

ಆ ಚಿತ್ರದಿಂದ ಮೂರು ಅಂಕಿ ತೆಗೆಯಿರಿ. ಒಂದು, ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ. ಅದು ಹೆಬ್ಬೆರಳೇ ಆಗಬೇಕಿಲ್ಲ, ಬಹಳ ಜನರಲ್ಲಿ ಎರಡನೇ ಬೆರಳೇ ಮುಂದಿರುತ್ತದೆ. ಎರಡು, ಹೆಬ್ಬೆರಳಿನ ಬುಡದ ಗಂಟಿನಿಂದ ಕಿರುಬೆರಳಿನ ಬುಡದ ಗಂಟಿಗೆ, ಅಂದರೆ ಮುಂಗಾಲಿನ ಅಗಲ. ಮೂರನೆಯದನ್ನು ಯಾರೂ ಅಳೆಯುವುದಿಲ್ಲ: ಗೋಡೆಯಿಂದ ಹೆಬ್ಬೆರಳಿನ ಬುಡದ ಗಂಟಿನವರೆಗಿನ ದೂರ. ಶೂ ಬಗ್ಗಬೇಕಾದದ್ದು ಸರಿಯಾಗಿ ಆ ಗಂಟಿನ ಕೆಳಗೆ. ಒಟ್ಟು ಉದ್ದ ಒಂದೇ ಇರುವ ಇಬ್ಬರಲ್ಲಿ ಒಬ್ಬರಿಗೆ ಬೆರಳು ಗಿಡ್ಡವಿದ್ದು ಗಂಟು ಮುಂದಿರಬಹುದು. ಅವರು ಬೆರಳಿನ ತುದಿ ನೋಡಿ ಸೈಜ್ ಆರಿಸಿದರೆ ಶೂ ಗಂಟಿಗಿಂತ ಹಿಂದೆ ಬಗ್ಗುತ್ತದೆ, ಶೂನ ಅತಿ ಅಗಲದ ಜಾಗಕ್ಕೂ ಪಾದದ ಅತಿ ಅಗಲದ ಜಾಗಕ್ಕೂ ತಾಳೆಯಾಗುವುದಿಲ್ಲ. ಅಂಗಡಿಗಳಲ್ಲಿ ಕಾಣುವ ಲೋಹದ ಬ್ರಾನಾಕ್ ಅಳತೆಪಟ್ಟಿಯ ಪಕ್ಕದಲ್ಲಿ ಜಾರುವ ಸಣ್ಣ ಗುಬುಟು ಇರುವುದು ಇದಕ್ಕೇ. ಎರಡು ಅಳತೆಯಲ್ಲಿ ಯಾವುದು ದೊಡ್ಡ ಸೈಜ್ ತೋರಿಸುತ್ತದೋ ಅದನ್ನು ಹಿಡಿಯಬೇಕು.

ಎರಡೂ ಪಾದ ಅಳೆದು ದೊಡ್ಡದಕ್ಕೆ ಶೂ ಕೊಳ್ಳಿ. ಅತಿ ಉದ್ದದ ಬೆರಳಿನ ಮುಂದೆ ನಿಂತಾಗ 10ರಿಂದ 12 ಮಿ.ಮೀ. ಜಾಗ ಉಳಿಯಬೇಕು, ಸುಮಾರು ಹೆಬ್ಬೆಟ್ಟಿನ ಅಗಲದಷ್ಟು.

ಸೈಜ್ ನಂಬರಿನ ವಿಷಯದಲ್ಲಿ ತಲೆ ಕೆಡುವುದು ಸಹಜ. ಯೂರೋಪಿನ ಒಂದು ಸೈಜ್ ಅಂದರೆ 6.67 ಮಿ.ಮೀ., ಬ್ರಿಟನ್ನಿನ ಮತ್ತು ಅಮೆರಿಕದ ಒಂದು ಸೈಜ್ ಅಂದರೆ 8.47 ಮಿ.ಮೀ., ಅರ್ಧ ಸೈಜ್ 4.2 ಮಿ.ಮೀ. ಸಾಲದ್ದಕ್ಕೆ ಬ್ರಾಂಡುಗಳು ತಮ್ಮ ತಮ್ಮೊಳಗೇ ಒಪ್ಪುವುದಿಲ್ಲ. ಗಂಡಸರ ಶೂನಲ್ಲಿ ನೈಕಿ, ಏಸಿಕ್ಸ್ ಯುಕೆ 8 ಅನ್ನು ಯುಎಸ್ 9 ಎನ್ನುತ್ತವೆ. ಅಡಿಡಾಸ್, ನ್ಯೂ ಬ್ಯಾಲೆನ್ಸ್‌ಗಳಲ್ಲಿ ಯುಎಸ್ 9 ಅಂದರೆ ಯುಕೆ 8.5. ‘ನನ್ನದು 8’ ಎಂದು ಹೇಳಿ ಬ್ರಾಂಡ್ ಬದಲಿಸಿದವರು ಅರ್ಧ ಸೈಜ್ ಕಳೆದುಕೊಳ್ಳುವುದು ಇಲ್ಲೇ. ಲೇಸಿನ ಕೆಳಗಿರುವ ಶೂ ನಾಲಗೆಯ ಒಳಗಿನ ಲೇಬಲ್ಲಿನಲ್ಲಿ ಸೆಂಟಿಮೀಟರ್ ಅಂಕಿಯೂ ಇರುತ್ತದೆ. ಹೋಲಿಸುವುದಾದರೆ ಅದನ್ನು ಹೋಲಿಸಿ.

ಅಗಲಕ್ಕೆ ಅಕ್ಷರಗಳಿವೆ. ಗಂಡಸರಲ್ಲಿ ಸಾಧಾರಣ ಅಗಲ ಡಿ, ಕಿರಿದಾದದ್ದು ಬಿ, ಅಗಲವಾದದ್ದು 2ಇ, ಇನ್ನೂ ಅಗಲ 4ಇ. ಹೆಂಗಸರಲ್ಲಿ ಸಾಧಾರಣ ಅಗಲವೇ ಬಿ, ಕಿರಿದು 2ಎ, ಅಗಲ ಡಿ. ಅಗಲ ಸಾಲದಾಗ ಒಂದು ಸೈಜ್ ದೊಡ್ಡದು ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಉದ್ದ ಬೇಡದಿದ್ದರೂ ಬರುತ್ತದೆ, ಬಗ್ಗುವ ಜಾಗ ಮುಂದೆ ಹೋಗುತ್ತದೆ, ಹಿಮ್ಮಡಿ ಕುಣಿಯುತ್ತದೆ. ಅದೇ ಸೈಜಿನ 2ಇ ಕೇಳಿ. ಅಗಲದ ಆಯ್ಕೆ ಸಿಗದ ಮಹಿಳೆಯರು ಗಂಡಸರ ಶೂನಲ್ಲಿ ಒಂದೂವರೆ ಯುಎಸ್ ಸೈಜ್ ಕಡಿಮೆ ಹಾಕಿ ನೋಡಬಹುದು, ಆದರೆ ಹಿಮ್ಮಡಿಯ ಕಡೆ ಸಡಿಲವಾಗುವ ಸಾಧ್ಯತೆ ಇದೆ.

ಅಗಲ ಸಾಕೋ ಇಲ್ಲವೋ ಎಂದು ತಿಳಿಯಲು ಒಂದು ನಿಮಿಷದ ದಾರಿ: ಶೂ ಒಳಗಿನ ಹಾಸನ್ನು ಹೊರತೆಗೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಹಿಮ್ಮಡಿಯನ್ನು ಹಾಸಿನ ಬಟ್ಟಲಿಗೆ ಸರಿಯಾಗಿ ಕೂರಿಸಿ. ಬೆರಳು ಅಥವಾ ಮುಂಗಾಲಿನ ಮಾಂಸ ಹಾಸಿನ ಅಂಚು ದಾಟಿ ನೆಲ ಮುಟ್ಟುತ್ತಿದ್ದರೆ ಅಷ್ಟನ್ನೂ ಶೂನ ಬಟ್ಟೆ ಒಳಕ್ಕೆ ದಬ್ಬಬೇಕು. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಮಾತು ಚರ್ಮದ ಶೂಗೆ ಸರಿ. ಇಂದಿನ ಓಟದ ಶೂನ ಜಾಳಿಗೆ ಬಟ್ಟೆ ಅಷ್ಟೇನೂ ಹಿಗ್ಗುವುದಿಲ್ಲ, ಮೊದಲ ದಿನ ಒತ್ತಿದ್ದು ನೂರನೇ ದಿನವೂ ಒತ್ತುತ್ತದೆ.

ಕಮಾನು, ನಿಂತಾಗ ಮತ್ತು ಕುಸಿದಾಗ

ಒದ್ದೆ ಕಾಲಿನ ಅಚ್ಚು ಆಕಾರ ಹೇಳುತ್ತದೆ, ನಡತೆ ಹೇಳುವುದಿಲ್ಲ. ಪಾದ ನೆಲಕ್ಕಿಳಿದ ಮೇಲೆ ಒಳಕ್ಕೆ ವಾಲಿ ಕಮಾನು ಸ್ವಲ್ಪ ತಗ್ಗುವುದಕ್ಕೆ ಪ್ರೊನೇಶನ್ ಎನ್ನುತ್ತಾರೆ. ಇದು ರೋಗವಲ್ಲ, ಹೊಡೆತ ತಡೆಯಲು ದೇಹವೇ ಮಾಡಿಕೊಂಡ ಏರ್ಪಾಡು. ನೋಡಬೇಕಾದದ್ದು ಕಮಾನು ಎಷ್ಟು ತಗ್ಗುತ್ತದೆ, ತಗ್ಗಿದ್ದು ಮತ್ತೆ ಏಳುತ್ತದೆಯೇ ಎಂಬುದು.

ಮನೆಯಲ್ಲೇ ಮಾಡಬಹುದಾದ ಒಳ್ಳೆಯ ಪರೀಕ್ಷೆ ನ್ಯಾವಿಕ್ಯುಲರ್ ಮೂಳೆಯದು. ಕುರ್ಚಿಯಲ್ಲಿ ಕೂತು ಪಾದವನ್ನು ಭಾರ ಹಾಕದೆ ನೆಲದ ಮೇಲಿಡಿ. ಒಳಗಿನ ಹರಡಿನ ಗುಬುಟಿನಿಂದ ಓರೆಯಾಗಿ ಕೆಳಗೆ ಮತ್ತು ಮುಂದಕ್ಕೆ ಬೆರಳು ಜಾರಿಸಿದರೆ ಎರಡು ಮೂರು ಸೆಂಟಿಮೀಟರಿನಲ್ಲೇ ಇನ್ನೊಂದು ಮೂಳೆ ಉಬ್ಬು ತಾಗುತ್ತದೆ. ಅದರ ಮೇಲೆ ಪೆನ್ನಿನಿಂದ ಚುಕ್ಕೆ ಇಡಿ. ಒಂದು ದಪ್ಪ ಕಾಗದವನ್ನು ನೆಟ್ಟಗೆ ಪಕ್ಕದಲ್ಲಿ ಹಿಡಿದು ಚುಕ್ಕೆಯ ಎತ್ತರ ಗುರುತಿಸಿ. ಈಗ ಎದ್ದು ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತು ಮತ್ತೆ ಗುರುತಿಸಿ. ಎರಡು ಗುರುತುಗಳ ನಡುವೆ 10 ಮಿ.ಮೀ.ಗಿಂತ ಹೆಚ್ಚು ಬಂದರೆ ನಿಮ್ಮ ಕಮಾನು ಚೆನ್ನಾಗಿಯೇ ಕುಸಿಯುತ್ತದೆ ಎಂದರ್ಥ. ನಾಲ್ಕೈದು ಮಿ.ಮೀ.ಗಿಂತ ಕಡಿಮೆಯಾದರೆ ಬಿಗಿಯಾದ ಪಾದ.

ಇನ್ನೂ ಒಂದು ನೋಡಿ. ನಿಂತಲ್ಲೇ ತುದಿಗಾಲಲ್ಲಿ ಏಳಿ. ಚಪ್ಪಟೆ ಕಂಡ ಪಾದದಲ್ಲಿ ಆಗ ಕಮಾನು ಮೂಡಿ ಹಿಮ್ಮಡಿ ಒಳಕ್ಕೆ ತಿರುಗಿದರೆ ಅದು ಮೆತ್ತಗಿನ ಚಪ್ಪಟೆ ಪಾದ. ಸ್ನಾಯುಗಳು ಕೆಲಸ ಮಾಡುತ್ತಿವೆ, ಶೂ ಆಯ್ಕೆಗೆ ಅಷ್ಟೇನೂ ಭಯಪಡಬೇಕಾಗಿಲ್ಲ. ತುದಿಗಾಲಲ್ಲೂ ಚಪ್ಪಟೆಯೇ ಉಳಿದರೆ, ಅಥವಾ ಮೊದಲಿದ್ದ ಕಮಾನು ಒಂದೇ ಕಾಲಿನಲ್ಲಿ ಇತ್ತೀಚೆಗೆ ಕುಸಿದು ಹರಡಿನ ಒಳಭಾಗ ನೋಯುತ್ತಿದ್ದರೆ, ಶೂ ಅಂಗಡಿಗಿಂತ ಮೊದಲು ಮೂಳೆ ವೈದ್ಯರ ಬಳಿ ಹೋಗಬೇಕು. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೂ ಇದೇ ಮಾತು. ಶೂ ಎಲ್ಲಿ ಉಜ್ಜುತ್ತಿದೆ ಎಂಬುದು ಅವರಿಗೆ ಗೊತ್ತಾಗುವಷ್ಟರಲ್ಲಿ ಹುಣ್ಣಾಗಿರುತ್ತದೆ.

ಹಳೆಯ ಶೂನ ಅಡಿ ತಿರುಗಿಸಿ ‘ಹೊರ ಹಿಮ್ಮಡಿ ಸವೆದಿದೆ, ನೀವು ಸುಪಿನೇಟರ್’ (ಪಾದ ಹೊರಕ್ಕೆ ವಾಲುವವರು) ಎಂದು ತೀರ್ಪು ಕೊಡುವವರನ್ನು ನಂಬಬೇಡಿ. ಹಿಮ್ಮಡಿ ಊರಿ ಓಡುವ ಬಹುತೇಕರ ಪಾದ ಮೊದಲು ನೆಲ ಮುಟ್ಟುವುದೇ ಹೊರ ಅಂಚಿನಿಂದ. ಒಳಕ್ಕೆ ವಾಲುವವರದ್ದೂ ಅಲ್ಲೇ ಸವೆಯುತ್ತದೆ. ಹೇಳಿಕೆಗೆ ಯೋಗ್ಯವಾದ ಸವೆತ ಮುಂಗಾಲಿನದು: ಹೆಬ್ಬೆರಳಿನ ಬುಡದಡಿ ಮಾತ್ರ ಸವೆದಿದೆಯೋ, ಕಿರುಬೆರಳಿನ ಸಾಲಿನಲ್ಲೋ. ಅದಕ್ಕಿಂತಲೂ ಒಳ್ಳೆಯ ಸಾಕ್ಷಿ ಎಡಬಲಗಳ ವ್ಯತ್ಯಾಸ. ಶೂ ಜೋಡಿಯನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ವಾಲಿ ಇನ್ನೊಂದು ನೆಟ್ಟಗಿದ್ದರೆ ಆ ಕಾಲಿನ ಬಗ್ಗೆ ಯೋಚಿಸುವುದಿದೆ.

ಸಂಶೋಧನೆ ಎರಡು ಕಡೆ ಎಳೆಯುತ್ತದೆ ಎನ್ನುವುದನ್ನು ಮುಚ್ಚಿಡಬೇಕಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ಬಗೆಯ ನ್ಯೂಟ್ರಲ್ ಶೂ (ವಾಲುವುದನ್ನು ತಡೆಯುವ ಏರ್ಪಾಡಿಲ್ಲದ್ದು) ಕೊಟ್ಟು ಒಂದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ (2014) ಒಳಕ್ಕೆ ವಾಲುವ ಪಾದದವರಿಗೆ ಗಾಯ ಹೆಚ್ಚಾಗಲಿಲ್ಲ. ಲಕ್ಸೆಂಬರ್ಗಿನಲ್ಲಿ 372 ಓಟಗಾರರ ಮೇಲೆ ಆರು ತಿಂಗಳು ನಡೆದ ಪ್ರಯೋಗದಲ್ಲಿ (2016) ಮೋಷನ್ ಕಂಟ್ರೋಲ್ ಶೂ ಹಾಕಿದವರಿಗೆ ಗಾಯ ಕಡಿಮೆ ಬಂತು, ಆ ಲಾಭ ಮುಖ್ಯವಾಗಿ ವಾಲುವ ಪಾದದವರಿಗೆ ಸಿಕ್ಕಿತು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ 2015ರಲ್ಲಿ ಬೇರೆಯದೇ ವಾದ ಇಟ್ಟರು: ಯಾವ ಶೂ ಹಿತವೆನಿಸುತ್ತದೋ ಅದೇ ಕಾಲಿನ ಸಹಜ ಚಲನೆಗೆ ಕಡಿಮೆ ಅಡ್ಡಿ ಮಾಡುವ ಶೂ. ಇವನ್ನೆಲ್ಲ ಒಟ್ಟಿಗಿಟ್ಟರೆ ಬರುವ ನಮ್ಮ ತೀರ್ಮಾನ ಹೀಗೆ. ಈಗಿನ ನ್ಯೂಟ್ರಲ್ ಶೂನಲ್ಲಿ ನೋವಿಲ್ಲದೆ ಓಡುತ್ತಿರುವ ಚಪ್ಪಟೆ ಪಾದದವರು ಸ್ಟೆಬಿಲಿಟಿ ಶೂಗೆ ಹಾರಬೇಕಿಲ್ಲ. ಕಮಾನು 10 ಮಿ.ಮೀ. ಮೀರಿ ಕುಸಿಯುತ್ತಿದ್ದು, ಓಟದ ಕೊನೆಗೆ ಮೊಣಕಾಲಿನ ಕೆಳಗಿನ ಮುಂಭಾಗದ ಮೂಳೆಯ ಒಳ ಅಂಚು ಅಥವಾ ಹರಡಿನ ಒಳಭಾಗ ದಣಿದು ನೋಯುವುದು ಅಭ್ಯಾಸವಾಗಿದ್ದರೆ ಪ್ರಯತ್ನಿಸಲು ಕಾರಣವಿದೆ.

ಕೈಯಲ್ಲಿ ಹಿಡಿದು ನೋಡುವುದು

ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಶೂ ತಾನೇ ಹೆಚ್ಚು ಹೇಳುತ್ತದೆ. ಹಿಮ್ಮಡಿಯ ಹಿಂಗೋಡೆಯನ್ನು ಎರಡು ಬೆರಳಲ್ಲಿ ಹಿಂಡಿ, ಗಟ್ಟಿಯಿದ್ದಷ್ಟೂ ಹಿಡಿತ ಹೆಚ್ಚು. ಆದರೆ ಹಿಮ್ಮಡಿಯ ಹಿಂದೆ ಮೂಳೆ ಉಬ್ಬಿರುವವರಿಗೆ ಅದೇ ಗಟ್ಟಿತನ ಉಪದ್ರವ. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸುಲಭವಾಗಿ ತಿರುಚುವ ಶೂ ಮೆತ್ತಗಿನ ಪಾದಕ್ಕೆ ಆಧಾರ ಕೊಡದು. ಆಮೇಲೆ ಮುಂಭಾಗವನ್ನು ನೆಲಕ್ಕೊತ್ತಿ ಬಗ್ಗಿಸಿ: ಮಡಿಕೆ ಬೆರಳಿನ ಬುಡದಲ್ಲಿ ಬೀಳಬೇಕು. ನಡುಮಧ್ಯೆ ಮಡಿದರೆ ಅಲ್ಲಿಗೇ ಕೆಳಗಿಡಿ, ಅಂಗಾಲಿನ ನಡುವಿನ ಪೊರೆ ನೋಯುವವರಂತೂ ಮುಟ್ಟಲೇಬಾರದು.

ಕೊನೆಗೆ ಶೂ ತಿರುಗಿಸಿ ಅಡಿಯ ಅಗಲ ನೋಡಿ. ಒಳಪಕ್ಕದಲ್ಲಿ ಗಟ್ಟಿ ಬೂದು ಫೋಮಿನ ಬೆಣೆ ಇಡುವ ಹಳೆಯ ಪದ್ಧತಿ ಈಗ ಹಿಂದೆ ಸರಿಯುತ್ತಿದೆ. ಅದರ ಬದಲು ಅಡಿಯನ್ನು ಅಗಲ ಮಾಡಿ, ಬದಿಗಳಲ್ಲಿ ಫೋಮನ್ನು ಪಾದದ ಸುತ್ತ ಎತ್ತರಿಸಿ, ಪಾದ ಬಟ್ಟಲಿನೊಳಗೆ ಕೂರುವಂತೆ ಮಾಡುತ್ತಾರೆ. ನಡುಭಾಗ ಸೊಂಟದಂತೆ ಕಿರಿದಾದ ಶೂ ಏನೇ ಹೆಸರಿಟ್ಟುಕೊಂಡರೂ ಸ್ಥಿರವಲ್ಲ.

ಶೂಗಳು

ಮುಂದಿನ ಮಾತೆಲ್ಲ ಆಯಾ ಆವೃತ್ತಿಗೆ ಸೀಮಿತ. ಒಂದು ಆವೃತ್ತಿ ದಾಟಿದರೆ ಅದೇ ಹೆಸರಿನ ಶೂ ಬೇರೆಯೇ ಆಗಬಹುದು. ಹೋಕಾ ಕ್ಲಿಫ್ಟನ್ 9ರಲ್ಲಿ 5 ಮಿ.ಮೀ. ಇದ್ದ ಡ್ರಾಪ್ (ಹಿಮ್ಮಡಿಗೂ ಮುಂಗಾಲಿಗೂ ಇರುವ ಎತ್ತರದ ವ್ಯತ್ಯಾಸ) 10ನೇ ಆವೃತ್ತಿಯಲ್ಲಿ 8 ಆಯಿತು.

ಕುಸಿಯುವ ಕಮಾನಿಗೆ ಕಣ್ಮುಚ್ಚಿ ಹೇಳಬಹುದಾದ ಮೊದಲ ಹೆಸರು ಬ್ರೂಕ್ಸ್ ಅಡ್ರಿನಲಿನ್ ಜಿಟಿಎಸ್. 19ನೇ ಆವೃತ್ತಿಯಿಂದ ಒಳಬೆಣೆ ತೆಗೆದು ಹಿಮ್ಮಡಿಯ ಎರಡೂ ಬದಿಗೆ ಗೈಡ್‌ರೇಲ್ಸ್ ಎಂಬ ಎತ್ತರದ ಗಟ್ಟಿ ಪಟ್ಟಿ ಕೊಟ್ಟಿದ್ದಾರೆ. ಪಾದ ನೆಟ್ಟಗಿರುವವರೆಗೆ ಅದು ಇದೆ ಎಂಬುದೇ ತಿಳಿಯದು, ವಾಲಿದಾಗ ಮಾತ್ರ ತಾಗುತ್ತದೆ. ಸ್ಟೆಬಿಲಿಟಿ ಬೇಕೋ ಬೇಡವೋ ಎಂಬ ಅನುಮಾನದಲ್ಲಿರುವವರಿಗೆ ಇದಕ್ಕಿಂತ ಸುರಕ್ಷಿತ ಆಯ್ಕೆ ಕಡಿಮೆ, ಏಕೆಂದರೆ ಬೇಡದವರಿಗೂ ತೊಂದರೆ ಕೊಡುವುದಿಲ್ಲ. ಕಿರಿದಾದ ಬಿಯಿಂದ 4ಇವರೆಗೆ ಅಗಲ ಸಿಗುವುದು ಇದರ ನಿಜವಾದ ಬಲ. ಫೋಮ್ ಮಾತ್ರ ಸಪ್ಪೆ, ವೇಗದ ಓಟಕ್ಕೆ ಉತ್ಸಾಹ ತುಂಬುವ ಶೂ ಅಲ್ಲ.

ಏಸಿಕ್ಸ್ ಜೆಲ್-ಕಯಾನೋ 1993ರಿಂದ ಬರುತ್ತಿರುವ ಹೆಸರು. 30ನೇ ಆವೃತ್ತಿಯಲ್ಲಿ (2023) ಅದೂ ಬೆಣೆಯನ್ನು ಕೈಬಿಟ್ಟು, ಕಮಾನಿನಡಿ ಪುಟಿಯುವ ಮೆತ್ತನೆಯ ಫೋಮ್ ತುಂಡು ಮತ್ತು ಅಗಲವಾಗಿ ಹರಡಿದ ಅಡಿಯನ್ನು ತಂದಿತು. 30 ಮತ್ತು 31ರಲ್ಲಿ ಹಿಮ್ಮಡಿಯಡಿ 40 ಮಿ.ಮೀ., ಮುಂಗಾಲಡಿ 30 ಮಿ.ಮೀ., ಅಂದರೆ ಡ್ರಾಪ್ 10. ತೂಕ ಒಂದು ಶೂಗೆ 300 ಗ್ರಾಂ ಆಸುಪಾಸು. ಭಾರದ ಮೈಕಟ್ಟಿನವರಿಗೆ, ನಿಧಾನದ ದೂರದ ಓಟಕ್ಕೆ ಇದು ಮೊದಲ ಸಾಲಿನದು. ಕಮಾನು ಎತ್ತರವಿದ್ದು ಬಿಗಿಯಾದವರು ಮಾತ್ರ ದೂರವಿರಿ: ಆಧಾರ ಬೇಡದ ಜಾಗದಲ್ಲಿ ಫೋಮ್ ಒತ್ತುತ್ತಿರುತ್ತದೆ.

ಸಾಕೋನಿ ಗೈಡ್ 17ರಿಂದ (2024) ಬಟ್ಟಲಿನ ಪದ್ಧತಿಗೆ ಹೊರಳಿದೆ. ಅಡಿ ಅಗಲ, ಬದಿ ಎತ್ತರ, ಡ್ರಾಪ್ 6 ಮಿ.ಮೀ. ಹಿಡಿತ ಮೂರರಲ್ಲಿ ಅತ್ಯಂತ ಹಗುರ. ಮೊದಲಿನಿಂದ 10-12 ಡ್ರಾಪ್ ಹಾಕಿ ರೂಢಿಯಾದವರು ಇದಕ್ಕೆ ಬಂದಾಗ ಮೀನಖಂಡ ದೂರು ಹೇಳುತ್ತದೆ, ಶೂ ಕೆಟ್ಟದ್ದೆಂದು ತಿಳಿಯಬೇಡಿ. ಹೋಕಾ ಅರಾಹಿಯಲ್ಲಿ 7ನೇ ಆವೃತ್ತಿಯವರೆಗೆ ಒಳ ಅಂಚಿನಿಂದ ಹಿಮ್ಮಡಿ ಸುತ್ತಿಬರುವ ಜೆ ಆಕಾರದ ಗಟ್ಟಿ ಫೋಮ್ ಚೌಕಟ್ಟಿತ್ತು. ತೂಕ ಕಡಿಮೆ, ಆದರೆ ಸಾಧಾರಣ ಅಗಲದ ಆವೃತ್ತಿ ಬೆರಳಿನ ಕಡೆ ಇಕ್ಕಟ್ಟು. ಚಪ್ಪಟೆ ಪಾದ ಸಾಮಾನ್ಯವಾಗಿ ಅಗಲವೂ ಆಗಿರುವುದರಿಂದ ಇದರ ಅಗಲದ ಆವೃತ್ತಿಯನ್ನೇ ಕೇಳಿ.

ಎತ್ತರದ, ಬಿಗಿಯಾದ ಕಮಾನಿನವರ ಕಷ್ಟ ತದ್ವಿರುದ್ಧ. ಪಾದ ತಾನಾಗಿ ಹೊಡೆತ ಹೀರುವುದಿಲ್ಲ, ಭಾರವೆಲ್ಲ ಹಿಮ್ಮಡಿ ಮತ್ತು ಮುಂಗಾಲಿನ ಎರಡು ಕಡೆ ಬೀಳುತ್ತದೆ. ಅದಕ್ಕೆ ಮೆತ್ತನೆ ಬೇಕು ನಿಜ. ಆದರೆ ‘ಎಷ್ಟು ಮೆತ್ತಗಿದ್ದರೆ ಅಷ್ಟು ಒಳ್ಳೆಯದು’ ಎನ್ನುವುದು ಇಲ್ಲಿ ಅಪಾಯದ ಸಲಹೆ. ಈ ಪಾದ ಹೊರಕ್ಕೆ ಹೊರಳುವ ಸ್ವಭಾವದ್ದು. ಎತ್ತರದ ಮೆತ್ತನೆಯ ಫೋಮ್ ಹೊರ ಅಂಚಿನಲ್ಲಿ ಕುಸಿದರೆ ಹರಡು ಉಳುಕುತ್ತದೆ. ಒಳಬೆಣೆಯ ಶೂ ಹಾಕಿದರೆ ಅದು ಇನ್ನಷ್ಟು ಹೊರಕ್ಕೆ ದಬ್ಬುತ್ತದೆ. ಮೆತ್ತಗಿದ್ದೂ ಅಡಿ ಅಗಲವಿರುವ ಶೂ ಹುಡುಕಬೇಕು. ಏಸಿಕ್ಸ್ ಜೆಲ್-ನಿಂಬಸ್ 25ರಿಂದ ಈಚೆಗೆ ಇದಕ್ಕೆ ಹೊಂದುತ್ತದೆ: ಹಿಮ್ಮಡಿಯಡಿ 40 ಮಿ.ಮೀ. ಮೀರಿದ ಫೋಮ್, ಡ್ರಾಪ್ 8, ಅಡಿ ವಿಶಾಲ. ಕ್ಲಿಫ್ಟನ್ ಇದಕ್ಕಿಂತ ಹಗುರ, ಆದರೆ ಪಾದದ ಮೇಲ್ಭಾಗ ಉಬ್ಬಿದವರಿಗೆ ನಾಲಗೆಯ ಜಾಗ ಸಾಲದೆ ಹೋಗಬಹುದು. ಈ ಬಗೆಯ ಪಾದಕ್ಕೆ ಬಿಡಿ ನಾಲಗೆ, ಕೆಳಗಿನವರೆಗೂ ಲೇಸ್ ರಂಧ್ರ ಇರುವ ಶೂ ಬೇಕು. ಸಾಕ್ಸಿನಂತೆ ಎಳೆದು ಹಾಕುವ ಹೆಣಿಗೆಯ ಶೂಗಳು ಸರಿಹೋಗುವುದಿಲ್ಲ.

ಮುಂಗಾಲು ಅಗಲ, ಹಿಮ್ಮಡಿ ಕಿರಿದು ಎನ್ನುವ ಜೋಡಿಯೇ ಎಲ್ಲಕ್ಕಿಂತ ಕಾಡುವುದು. 2ಇ ಕೊಂಡರೆ ಹಿಮ್ಮಡಿ ಜಾರುತ್ತದೆ, ಡಿ ಕೊಂಡರೆ ಕಿರುಬೆರಳು ಸುಲಿಯುತ್ತದೆ. ಇವರು ಟೋಪೋ ಅಥ್ಲೆಟಿಕ್ ಹಾಕಿ ನೋಡಬೇಕು. ಬೆರಳಿನ ಕಡೆ ವಿಶಾಲ, ನಡುಭಾಗ ಮತ್ತು ಹಿಮ್ಮಡಿಯಲ್ಲಿ ಬಿಗಿ ಎಂಬ ಅಚ್ಚಿನ ಮೇಲೆಯೇ ಆ ಬ್ರಾಂಡ್ ನಿಂತಿದೆ. ಫ್ಯಾಂಟಮ್ ಮೆತ್ತಗಿನದು, ಅಲ್ಟ್ರಾಫ್ಲೈಯಲ್ಲಿ ಸ್ವಲ್ಪ ಸ್ಥಿರತೆಯೂ ಇದೆ, ಎರಡಕ್ಕೂ ಡ್ರಾಪ್ 5 ಮಿ.ಮೀ. ಆಲ್ಟ್ರಾ ಟೋರಿನ್ ಬೆರಳುಗಳಿಗೆ ಜಾಗ ಕೊಡುವುದರಲ್ಲಿ ಹೆಸರುವಾಸಿ, ಆದರೆ ಡ್ರಾಪ್ ಸೊನ್ನೆ. ಆಲ್ಟ್ರಾದಲ್ಲೇ ಸ್ಲಿಮ್, ಸ್ಟ್ಯಾಂಡರ್ಡ್, ಒರಿಜಿನಲ್ ಎಂಬ ಮೂರು ಅಚ್ಚುಗಳಿವೆ. ಒರಿಜಿನಲ್ ಅತಿ ಅಗಲ. ಆಲ್ಟ್ರಾ ಎಂದಾಕ್ಷಣ ಅಗಲ ಎಂದು ತಿಳಿದು ಸ್ಲಿಮ್ ತರಿಸಿಕೊಂಡವರು ಹಿಂತಿರುಗಿಸುವುದು ತಪ್ಪುವುದಿಲ್ಲ.

ಸಾಧಾರಣ ಪಾದದವರಿಗೆ ಹೆಚ್ಚು ಹೇಳಲೇನಿಲ್ಲ. ನೈಕಿ ಪೆಗಸಸ್ 10 ಮಿ.ಮೀ. ಡ್ರಾಪಿನ, ಬಾಳಿಕೆ ಬರುವ, ಸ್ವಲ್ಪ ಗಟ್ಟಿ ಶೂ. ಪಾದ ಕಿರಿದಾಗಿದ್ದರೆ ಚೆನ್ನಾಗಿ ಕೂರುತ್ತದೆ. ಬ್ರೂಕ್ಸ್ ಘೋಸ್ಟ್ ಅದಕ್ಕಿಂತ ಉದಾರ, ಅಗಲದ ಆಯ್ಕೆಯೂ ಹೆಚ್ಚು. ಹೆಬ್ಬೆರಳಿನ ಬುಡದ ಕೀಲು ಗಟ್ಟಿಯಾಗಿ ಮೇಲಕ್ಕೆ ಬಗ್ಗದವರಿಗೆ ಮಾತ್ರ ಬೇರೆ ದಾರಿ: ತಾನು ಬಗ್ಗದೆ ತೊಟ್ಟಿಲಿನಂತೆ ಮುಂದಕ್ಕೆ ಉರುಳುವ ಅಡಿ ಬೇಕು. ಹೋಕಾ ಬಾಂಡಿ ಅಂಥದ್ದು.

ಲೇಸ್

ಸೈಜ್ ಸರಿಯಿದ್ದೂ ಕಾಡುವ ಅರ್ಧ ತೊಂದರೆ ಲೇಸಿನಲ್ಲೇ ಬಗೆಹರಿಯುತ್ತದೆ. ಹಿಮ್ಮಡಿ ಜಾರಿದರೆ, ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಖಾಲಿ ಬಿಡುವ ಹೆಚ್ಚುವರಿ ರಂಧ್ರ ಬಳಸಿ. ಕೊನೆಯ ರಂಧ್ರದಿಂದ ಹೊರಬಂದ ಲೇಸನ್ನು ಅದೇ ಬದಿಯ ಮೇಲಿನ ರಂಧ್ರಕ್ಕೆ ಹೊರಗಿನಿಂದ ಒಳಕ್ಕೆ ತೂರಿಸಿ, ಪೂರ್ತಿ ಎಳೆಯದೆ ಸಣ್ಣ ಕುಣಿಕೆ ಉಳಿಸಿ. ಇನ್ನೊಂದು ಬದಿಗೂ ಹೀಗೇ ಮಾಡಿ. ಈಗ ಎಡದ ತುದಿಯನ್ನು ಬಲದ ಕುಣಿಕೆಯೊಳಗೂ ಬಲದ ತುದಿಯನ್ನು ಎಡದ ಕುಣಿಕೆಯೊಳಗೂ ಹಾಯಿಸಿ. ಎಳೆಯುವಾಗ ಮೇಲಕ್ಕಲ್ಲ, ಹಿಮ್ಮಡಿಯ ಕಡೆಗೆ ಕೆಳಮುಖವಾಗಿ ಎಳೆಯಿರಿ, ಆಗಲೇ ಕುಣಿಕೆ ಕಚ್ಚುವುದು. ಆಮೇಲೆ ಗಂಟು.

ಮೇಲ್ಭಾಗ ಉಬ್ಬಿದ ಪಾದಕ್ಕೆ ಉಬ್ಬಿನ ಮೇಲೆ ಲೇಸ್ ಅಡ್ಡ ಹಾಯಿಸಬೇಡಿ. ಆ ಒಂದು ಸಾಲಿನಲ್ಲಿ ಅದೇ ಬದಿಯಲ್ಲಿ ನೇರ ಮೇಲಕ್ಕೆ ಒಯ್ದು, ಮುಂದಿನ ರಂಧ್ರದಿಂದ ಮತ್ತೆ ಅಡ್ಡ ಹಾಕಿ. ಬೆರಳ ಸಂದಿ ಜೋಮು ಹಿಡಿದರೆ ಮೊದಲ ಒಂದೆರಡು ರಂಧ್ರ ಬಿಟ್ಟು ಕಟ್ಟಲು ಶುರು ಮಾಡಿ. ಉಗುರು ಕಪ್ಪಾಗುವವರು ಕೂಡಲೇ ದೊಡ್ಡ ಸೈಜಿಗೆ ಓಡುತ್ತಾರೆ. ಬೆರಳ ಮುಂದೆ ಸಾಕಷ್ಟು ಜಾಗವಿದ್ದೂ ಇಳಿಜಾರಿನಲ್ಲಿ ಉಗುರು ಬಡಿಯುತ್ತಿದ್ದರೆ ನಡುಭಾಗ ಸಡಿಲವಾಗಿ ಪಾದವೇ ಮುಂದಕ್ಕೆ ಜಾರುತ್ತಿದೆ. ಇನ್ನೂ ದೊಡ್ಡ ಶೂ ಹಾಕಿದರೆ ಇನ್ನೂ ಜಾರುತ್ತದೆ.

ಹಾಕಿ ನೋಡುವಾಗ, ಆಮೇಲೆ

ಎರಡೂ ಕಾಲಿಗೆ ಹಾಕಿ, ಕನಿಷ್ಠ ಹತ್ತು ನಿಮಿಷ ಇರಿ, ಅದರಲ್ಲಿ ಸ್ವಲ್ಪ ಹೊತ್ತಾದರೂ ಓಡಿ. ನಿಂತಾಗ ಹಿತವೆನಿಸುವುದು ಬಹುಪಾಲು ಒಳಹಾಸಿನ ಮೆತ್ತನೆ. ಕೆಲವು ಓಟದಲ್ಲಿ ಅದು ಚಪ್ಪಟೆಯಾಗುತ್ತದೆ. ಮೆಟ್ಟಿಲು ಇಳಿದು ನೋಡಿ, ಬೆರಳು ಮುಂದೆ ಬಡಿಯಬಾರದು. ಕಮಾನಿನ ಉಬ್ಬು ನಿಮ್ಮ ಕಮಾನಿಗಿಂತ ಮುಂದೆ ಅಥವಾ ಹಿಂದೆ ಒತ್ತುತ್ತಿದ್ದರೆ ಆ ಶೂ ಬೇಡ. ಒಂದೇ ಸೈಜಿನ ಎರಡು ಬೇರೆ ಶೂಗಳನ್ನು ಒಂದೊಂದು ಕಾಲಿಗೆ ಹಾಕಿ ಓಡಿದರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ, ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ಓಡಿ. ಟ್ರೆಡ್‌ಮಿಲ್ ಮೇಲೆ ಓಡಿಸಿ ಹಿಂದಿನಿಂದ ಚಿತ್ರೀಕರಿಸುವ ಅಂಗಡಿಗಳಲ್ಲಿ ವಿಡಿಯೊ ನೋಡಿ, ತೀರ್ಪನ್ನು ಅವಸರದಲ್ಲಿ ಒಪ್ಪಬೇಡಿ. ಹಿಂದಿನಿಂದ ಕಾಣುವುದು ಶೂನ ಹಿಮ್ಮಡಿ ಮಾತ್ರ, ಒಳಗೆ ಪಾದ ಏನು ಮಾಡುತ್ತಿದೆ ಎಂಬುದು ಕಾಣದು.

ಡ್ರಾಪ್ ಬದಲಿಸುವವರು ನಿಧಾನಿಸಬೇಕು. ಹೆಚ್ಚಿನ ಡ್ರಾಪ್ ಹೊರೆಯನ್ನು ಮೊಣಕಾಲಿನ ಕಡೆ ತಳ್ಳುತ್ತದೆ, ಕಡಿಮೆ ಡ್ರಾಪ್ ಮೀನಖಂಡ ಮತ್ತು ಹಿಮ್ಮಡಿ ನರದ (ಅಕಿಲಿಸ್ ಸ್ನಾಯುರಜ್ಜು) ಕಡೆ. ಹಿಮ್ಮಡಿ ನರ ನೋಯುವವರಿಗೆ ಸೊನ್ನೆ ಡ್ರಾಪ್ ಒಗ್ಗದು. ಮೊಣಕಾಲು ಚಿಪ್ಪಿನ ನೋವಿನವರಿಗೆ ಅದೇ ಕೆಲವೊಮ್ಮೆ ಆರಾಮ ಕೊಡುತ್ತದೆ. 10ರಿಂದ ಸೊನ್ನೆಗೆ ಇಳಿಯುವುದಾದರೆ ನಡುವೆ 5-6ರಲ್ಲಿ ಕೆಲವು ತಿಂಗಳು ನಿಲ್ಲಿ. ಮೊದಲ ಎರಡು ವಾರ ಹೊಸ ಶೂನಲ್ಲಿ ವಾರದ ಓಟದ ಕಾಲು ಭಾಗ ಸಾಕು, ಉಳಿದದ್ದು ಹಳೆಯದರಲ್ಲಿ.

ಹಳೆಯದನ್ನು ಹಾಗೆ ಉಳಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. 264 ಓಟಗಾರರನ್ನು 22 ವಾರ ಗಮನಿಸಿದ ಲಕ್ಸೆಂಬರ್ಗಿನ ಇನ್ನೊಂದು ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ಜೋಡಿಗಳನ್ನು ಸರದಿಯಲ್ಲಿ ಹಾಕುವವರಿಗೆ ಗಾಯದ ಅಪಾಯ ಶೇ 39ರಷ್ಟು ಕಡಿಮೆ ಕಂಡಿತು. ಅದು ಪ್ರಯೋಗವಲ್ಲ, ಗಮನಿಸಿ ಬರೆದ ಲೆಕ್ಕ. ಹಾಗಾಗಿ ಶೂಗಳ ಸಂಖ್ಯೆಯೊಂದೇ ಕಾರಣ ಎಂದು ಹೇಳಲಾಗದು. ಆದರೂ ಡ್ರಾಪ್ ಮತ್ತು ಮೆತ್ತನೆ ಬೇರೆ ಬೇರೆಯಾದ ಎರಡು ಜೋಡಿ ಇದ್ದರೆ ಒಂದೇ ಜಾಗಕ್ಕೆ ದಿನವೂ ಹೊರೆ ಬೀಳುವುದಿಲ್ಲ ಎಂಬುದು ಒಪ್ಪುವ ಮಾತು.

ದಿನನಿತ್ಯದ ಶೂ 500ರಿಂದ 800 ಕಿ.ಮೀ. ಬಾಳುತ್ತದೆ. ಭಾರದ ಓಟಗಾರರಿಗೆ ಮತ್ತು ಮೆತ್ತನೆಯ ಹಗುರ ಶೂಗಳಿಗೆ ಕೆಳಗಿನ ಅಂಕಿ. ಕೊಂಡ ತಿಂಗಳನ್ನು ನಾಲಗೆಯ ಒಳಬದಿಗೆ ಪೆನ್ನಿನಲ್ಲಿ ಬರೆದಿಡಿ. ಅಡಿಯ ರಬ್ಬರ್ ಉಳಿದಿದ್ದರೂ ಫೋಮ್ ಸತ್ತಿರಬಹುದು: ಬದಿಯಲ್ಲಿ ಭಾರವಿಲ್ಲದಾಗಲೂ ಹೋಗದ ಅಡ್ಡ ಸುಕ್ಕುಗಳು, ಹೆಬ್ಬೆರಳಿನಿಂದ ಒತ್ತಿದರೆ ಗಟ್ಟಿ ಎನಿಸುವುದು, ಮೇಜಿನ ಮೇಲೆ ಒಂದು ಕಡೆ ವಾಲಿ ನಿಲ್ಲುವುದು ಇದರ ಗುರುತು. ವಾಷಿಂಗ್ ಮಷೀನಿಗೆ ಹಾಕಬೇಡಿ, ಬಿಸಿಲಲ್ಲಿ ಒಣಗಿಸಬೇಡಿ. ಬಿಸಿ ಅಂಟನ್ನೂ ಫೋಮನ್ನೂ ಕೆಡಿಸುತ್ತದೆ. ಒದ್ದೆಯಾದರೆ ಒಳಹಾಸು ತೆಗೆದು, ಹಳೆಯ ಪತ್ರಿಕೆ ತುರುಕಿ ನೆರಳಲ್ಲಿಡಿ, ಕೆಲವು ಗಂಟೆಗಳ ಮೇಲೆ ಪತ್ರಿಕೆ ಬದಲಿಸಿ.